ಬಲವಿಲ್ಲದ ತೋಳಿಗೆ ಆಟ ಕಟ್ಟಿಕೊಟ್ಟ ಬಿಲ್ ವಾಲ್ಶ್

ಡೊಂಬಿವಲಿಯ ಮೈದಾನವೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರು ಹೋಟೆಲುಗಳಲ್ಲಿ ದುಡಿಯುವ ಉಡುಪಿ, ಕುಂದಾಪುರದ ಕಡೆಯವರ, ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ವಿಜಯಪುರದಿಂದ ಬಂದವರ ಮಕ್ಕಳು. ಕಳೆದ ಚಳಿಗಾಲವನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಯಲ್ಲಿ ಕಳೆದಾಗ, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡವೆಂದರೆ ಪ್ರಾಣ ಬಿಡುವ ನನ್ನ ಅಳಿಯ, "ಮಾವ, ನಿಮ್ಮ ಹಾಗೆಯೇ ಮೇಷ್ಟ್ರು ಸ್ವಭಾವದ ಕೋಚ್ ಒಬ್ಬರು ಇಲ್ಲಿದ್ದರು, ನೋಡಿ" ಎಂದು ಹಳೆಯ ಪಂದ್ಯಗಳನ್ನು ಹಾಕಿ ಕೂರಿಸಿದ. ಊರಿಗೆ ಮರಳಿ ತಿಂಗಳುಗಳಾದರೂ ಆ ಕೋಚ್, ಬಿಲ್ ವಾಲ್ಶ್, ನನ್ನ ತಲೆಯಿಂದ ಇಳಿದಿಲ್ಲ.

ಅಮೆರಿಕನ್ ಫುಟ್‌ಬಾಲ್ ತಿಳಿಯದವರಿಗಾಗಿ ಎರಡು ಮಾತು. ತಂಡಕ್ಕೆ ಹನ್ನೊಂದು ಜನ, ನೂರು ಗಜದ ಅಂಕಣ. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನಗಳು ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಯದು. ಪ್ರತಿ ಯತ್ನದ ನಡುವೆ ಆಟ ನಿಲ್ಲುವುದರಿಂದ ಕೋಚ್ ಪ್ರತಿ ಸಲವೂ ಹೊಸ ಯೋಜನೆ ಕೊಡುತ್ತಾನೆ. ಅದನ್ನು ನಡೆಸಿಕೊಡುವವನು, ಚೆಂಡನ್ನು ಎಸೆಯುವವನು, ಕ್ವಾರ್ಟರ್‌ಬ್ಯಾಕ್.

1931ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ವಾಲ್ಶ್ ಓದಿದ್ದು, ಆಡಿದ್ದು ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ. ಫ್ರೀಮಾಂಟ್‌ನ ಹೈಸ್ಕೂಲೊಂದರಲ್ಲಿ ಕೋಚ್ ಆಗಿ ಆರಂಭಿಸಿ, ಬರ್ಕ್ಲಿಯಲ್ಲಿ ಮಾರ್ವ್ ಲೀವಿ, ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ರಾಲ್‌ಸ್ಟನ್ ಇವರ ಕೈಕೆಳಗೆ ಸಹಾಯಕರಾಗಿ, 1966ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ಮೂಲಕ ವೃತ್ತಿಪರ ಆಟಕ್ಕೆ ಬಂದರು. 1968ರಲ್ಲಿ ಪಾಲ್ ಬ್ರೌನ್ ಹೊಸದಾಗಿ ಕಟ್ಟುತ್ತಿದ್ದ ಸಿನ್ಸಿನಾಟಿ ಬೆಂಗಾಲ್ಸ್ ತಂಡವನ್ನು ಸೇರಿದರು.

ನನಗೆ ಅವರ ಇಡೀ ಬದುಕಿನಲ್ಲಿ ಅತ್ಯಂತ ಮುಖ್ಯವೆನಿಸುವ ಘಟ್ಟ ಇದು. 1969ರಲ್ಲಿ ಬೆಂಗಾಲ್ಸ್‌ಗೆ ಗ್ರೆಗ್ ಕುಕ್ ಎಂಬ ಅಪೂರ್ವ ತೋಳ್ಬಲದ ಹೊಸ ಹುಡುಗ ಸಿಕ್ಕಿದ್ದ. ಅದೇ ವರ್ಷ ಅವನ ಭುಜಕ್ಕೆ ಪೆಟ್ಟಾಗಿ ಆಟವೇ ಮುಗಿದುಹೋಯಿತೆನ್ನಬೇಕು. 1970ರಲ್ಲಿ ಅವನ ಜಾಗಕ್ಕೆ ಬಂದ ವರ್ಜಿಲ್ ಕಾರ್ಟರ್‌ಗೆ ದೂರಕ್ಕೆ ಎಸೆಯುವ ಶಕ್ತಿಯಿರಲಿಲ್ಲ. ಚುರುಕುಬುದ್ಧಿಯಿತ್ತು, ಗುರಿಯಿತ್ತು. ಬೇರೆ ಯಾರಾದರೂ ಅವನ ತೋಳನ್ನು ಗಟ್ಟಿಮಾಡಲು ಹೊರಡುತ್ತಿದ್ದರೇನೋ, ವಾಲ್ಶ್ ಆಟವನ್ನೇ ಬದಲಿಸಿದರು. ಅಂಕಣದ ಉದ್ದದ ಕಡೆಗಿದ್ದ ಗಮನವನ್ನು ಅದರ ಐವತ್ತಮೂರು ಗಜ ಅಗಲದ ಕಡೆಗೆ ತಿರುಗಿಸಿ, ಐದಾರು ಗಜದ ಸಣ್ಣ ಎಸೆತಗಳನ್ನೇ ತಂಡದ ಬೆನ್ನೆಲುಬನ್ನಾಗಿ ಮಾಡಿದರು. ಕ್ವಾರ್ಟರ್‌ಬ್ಯಾಕ್ ಮೂರು ಅಥವಾ ಐದು ಹೆಜ್ಜೆ ಹಿಂದೆ ಸರಿಯಬೇಕು; ಕೊನೆಯ ಹೆಜ್ಜೆ ಊರಿದ ಕ್ಷಣಕ್ಕೆ ಸರಿಯಾಗಿ ಚೆಂಡು ಹಿಡಿಯುವವನು ತನ್ನ ಓಟದ ತಿರುವಿಗೆ ಬಂದಿರಬೇಕು; ಮೊದಲನೆಯವನಿಗೆ ಕಾವಲಿದ್ದರೆ ಕಣ್ಣು ಎರಡನೆಯವನತ್ತ, ಅಲ್ಲಿಯೂ ಆಗದಿದ್ದರೆ ಮೂರನೆಯವನತ್ತ ಹೋಗಬೇಕು. ಮೊದಲ ಏಳು ಪಂದ್ಯಗಳಲ್ಲಿ ಆರನ್ನು ಸೋತಿದ್ದ ಬೆಂಗಾಲ್ಸ್ ಆ ವರ್ಷ ಉಳಿದ ಏಳನ್ನೂ ಗೆದ್ದು ತಮ್ಮ ವಿಭಾಗದಲ್ಲಿ ಮೊದಲಾಯಿತು. ಮರುವರ್ಷ ಕಾರ್ಟರ್ ಎಸೆತಗಳ ನಿಖರತೆಯಲ್ಲಿ ಇಡೀ ಲೀಗಿಗೆ ಮೊದಲಿಗನಾದ. ಮುಂದೆ ಈ ಪದ್ಧತಿಗೆ 'ವೆಸ್ಟ್ ಕೋಸ್ಟ್ ಅಫೆನ್ಸ್' ಎಂಬ ಹೆಸರು ನಿಂತಿತು, ಆದರೆ ಅದು ಹುಟ್ಟಿದ್ದು ಪಶ್ಚಿಮ ಕರಾವಳಿಯಿಂದ ಬಹುದೂರದಲ್ಲಿರುವ, ಸಿನ್ಸಿನಾಟಿಯ ರಾಜ್ಯವಾದ ಒಹಾಯೊದಲ್ಲಿ, ಒಬ್ಬನ ತೋಳಿನ ಮಿತಿಯಿಂದ.

ನನ್ನ ಬಳಿ ಈಗ ಬರುತ್ತಿರುವ ಒಬ್ಬ ಸಣಕಲು ಹುಡುಗನನ್ನು ನಾನು ಎರಡು ವರ್ಷ ದಂಡ, ಬಸ್ಕಿ ಹೊಡೆಸಿ ಕ್ಯಾಚರ್ ಮಾಡಲು ಹೆಣಗಿದ್ದೆ. ಅವನ ಕಾಲಿನ ಚುರುಕು ಬೋನಸ್ ಗೆರೆ ಮುಟ್ಟಿ ಬರುವುದಕ್ಕೆಂದೇ ಇದೆಯೆಂಬುದು ನನಗೆ ಹೊಳೆದದ್ದು ಕಾರ್ಟರ್‌ನ ಕಥೆ ತಿಳಿದ ಮೇಲೆ. ಆ ಎರಡು ವರ್ಷಗಳಿಗಾಗಿ ನನಗೆ ಇಂದಿಗೂ ನೋವಿದೆ.

ಎಂಟು ವರ್ಷಗಳ ದುಡಿಮೆಯ ಬಳಿಕ, 1976ರ ಆರಂಭದಲ್ಲಿ ಪಾಲ್ ಬ್ರೌನ್ ಕೋಚ್ ಸ್ಥಾನದಿಂದ ಇಳಿದಾಗ, ಆ ಹುದ್ದೆ ವಾಲ್ಶ್‌ಗೆ ಬರಲಿಲ್ಲ. ಬಿಲ್ ಜಾನ್ಸನ್ ಎಂಬ ಇನ್ನೊಬ್ಬ ಸಹಾಯಕರ ಪಾಲಾಯಿತು. ಬೇರೆ ತಂಡಗಳು ತಮ್ಮನ್ನು ವಿಚಾರಿಸಿದಾಗಲೂ ಬ್ರೌನ್ ಅಡ್ಡಗಾಲು ಹಾಕಿದ್ದರೆಂದು ವಾಲ್ಶ್ ಮುಂದೆ ಹೇಳಿಕೊಂಡರು. ನಾನೂ ಒಂದು ಸಂಸ್ಥೆಯಲ್ಲಿ ಹನ್ನೊಂದು ವರ್ಷ ಸಹಾಯಕನಾಗಿದ್ದು, ಮುಖ್ಯ ತರಬೇತುದಾರನ ಸ್ಥಾನ ತೆರವಾದ ದಿನ ಬೇರೊಬ್ಬರ ಹೆಸರನ್ನು ಸೂಚನಾ ಫಲಕದಲ್ಲಿ ಓದಿ, ಮಾತಿಲ್ಲದೆ ಲೋಕಲ್ ಹತ್ತಿ ಮನೆಗೆ ಬಂದವನು. ಆದ್ದರಿಂದ ಆ ಭಾಗವನ್ನು ಓದುವಾಗ ನನ್ನ ಗಂಟಲು ಕಟ್ಟಿತು.

ವಾಲ್ಶ್ ಒಂದು ವರ್ಷ ಸ್ಯಾನ್ ಡಿಯಾಗೊದಲ್ಲಿ ದುಡಿದು, 1977ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು. ಎರಡು ವರ್ಷಗಳಲ್ಲಿ ಹದಿನೇಳು ಗೆಲುವು, ಬೌಲ್ ಎಂದು ಕರೆಯುವ, ಋತುವಿನ ಕೊನೆಯ ಆಹ್ವಾನಿತ ಕಾಲೇಜು ಪಂದ್ಯಗಳೆರಡರಲ್ಲಿ ಜಯ. 1979ರಲ್ಲಿ ಹಿಂದಿನ ವರ್ಷ ಹದಿನಾರರಲ್ಲಿ ಎರಡೇ ಪಂದ್ಯ ಗೆದ್ದಿದ್ದ ಫಾರ್ಟಿನೈನರ್ಸ್ ಅವರ ಕೈಗೆ ಬಂತು, ಆ ವರ್ಷವೂ ಗೆದ್ದದ್ದು ಎರಡೇ. 1980ರಲ್ಲಿ ಮೊದಲ ಮೂರನ್ನು ಗೆದ್ದು ಮುಂದಿನ ಎಂಟನ್ನು ಸೋತರು. ಮಯಾಮಿಯಲ್ಲಿ ಸೋತು ವಿಮಾನದಲ್ಲಿ ಮರಳುವಾಗ ಅವರು ಕತ್ತಲಲ್ಲಿ ಕುಳಿತು ಅತ್ತರು, ಕೆಲಸ ಬಿಡಲು ಯೋಚಿಸಿದರು. ಆದರೆ ಅಭ್ಯಾಸ ಬದಲಾಗಲಿಲ್ಲ. ಆ ಡಿಸೆಂಬರಿನಲ್ಲಿ ನ್ಯೂ ಆರ್ಲಿಯನ್ಸ್ ವಿರುದ್ಧ ಅರ್ಧವಿರಾಮಕ್ಕೆ 35-7ರಿಂದ ಹಿಂದಿದ್ದವರು 38-35ರಿಂದ ಗೆದ್ದರು. ತೋಳಿನ ಬಲ ಸಾಲದೆಂದು ಹಲವರು ಶಂಕಿಸಿದ್ದ, ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಆಯ್ಕೆಯಲ್ಲಿ 82ನೆಯವನಾಗಿ ಸಿಕ್ಕಿದ್ದ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಅಷ್ಟರಲ್ಲಿ ಪಳಗಿದ್ದ. 1982ರ ಜನವರಿಯಲ್ಲಿ ಡಲ್ಲಾಸ್ ವಿರುದ್ಧ ಕೊನೆಯ ನಿಮಿಷದಲ್ಲಿ ಅವನೆಸೆದ ಚೆಂಡನ್ನು ಡ್ವೈಟ್ ಕ್ಲಾರ್ಕ್ ನೆಗೆದು ಬೆರಳ ತುದಿಯಲ್ಲಿ ಹಿಡಿದ ದೃಶ್ಯವನ್ನು ನನ್ನ ಅಳಿಯ ಐದು ಸಲ ತೋರಿಸಿದ. ಆರನೆಯ ಸಲ ನಾನೇ ಕೇಳಿ ನೋಡಿದೆ. ಎರಡು ವಾರಗಳ ಬಳಿಕ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಎದುರಾದದ್ದು ಸಿನ್ಸಿನಾಟಿ. 26-21ರ ಗೆಲುವು.

ಅವರ ಇನ್ನೊಂದು ಪದ್ಧತಿಯನ್ನು ನಾನು ನೇರವಾಗಿ ಎತ್ತಿಕೊಂಡಿದ್ದೇನೆ. ಸಾವಿರಾರು ಜನರ ಕೂಗಿನ ನಡುವೆ ಮನುಷ್ಯನ ಬುದ್ಧಿ ಸರಿಯಾಗಿ ಓಡದೆಂದು ನಂಬಿದ್ದ ವಾಲ್ಶ್, ಪಂದ್ಯದ ಆರಂಭದ ಯೋಜನೆಗಳನ್ನು ವಾರದ ನಡುವೆಯೇ ಶಾಂತವಾಗಿ ಕುಳಿತು ಬರೆದಿಡುತ್ತಿದ್ದರು. ಸಿನ್ಸಿನಾಟಿಯಲ್ಲಿ ನಾಲ್ಕಾರರಿಂದ ಶುರುವಾದ ಆ ಪಟ್ಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಬರುವಾಗ ಇಪ್ಪತ್ತೈದಕ್ಕೆ ಬೆಳೆದಿತ್ತು. ನಾನು ಈಗ ಮೊದಲ ಆರು ರೈಡ್‌ಗಳಿಗೆ ಯಾರು ಹೋಗಬೇಕು, ಯಾವ ಮೂಲೆಯನ್ನು ಕೆಣಕಬೇಕು ಎಂಬುದನ್ನು ಶುಕ್ರವಾರ ರಾತ್ರಿಯೇ ಬರೆದು ಹುಡುಗರಿಗೆ ಕೊಡುತ್ತೇನೆ. ಹೆದರಿಕೆ ಕಡಿಮೆಯಾಗಿರುವುದು ಅವರ ಮುಖದಲ್ಲೇ ಕಾಣುತ್ತದೆ.

1984ರ ಋತುವಿನಲ್ಲಿ ಹದಿನಾರರಲ್ಲಿ ಹದಿನೈದು ಗೆದ್ದ ತಂಡ, ವಾಲ್ಶ್ ಹಿಂದೆ ಕಲಿಸಿದ್ದ ಸ್ಟ್ಯಾನ್‌ಫರ್ಡ್ ಅಂಕಣದಲ್ಲೇ ಎರಡನೆಯ ಸೂಪರ್ ಬೌಲ್ ಗೆದ್ದಿತು. ಮೂರನೆಯದು 1989ರ ಜನವರಿಯಲ್ಲಿ, ಮತ್ತೆ ಸಿನ್ಸಿನಾಟಿಯ ಎದುರು. ಆ ತಂಡದ ಕೋಚ್ ಸ್ಯಾಮ್ ವೈಶ್, ವಾಲ್ಶ್‌ರ ಗರಡಿಯಲ್ಲೇ ಪಳಗಿದವರು. ಮೂರು ನಿಮಿಷ ಚಿಲ್ಲರೆ ಉಳಿದಿದ್ದಾಗ ಮೂರು ಅಂಕ ಹಿಂದಿದ್ದ ಫಾರ್ಟಿನೈನರ್ಸ್ 92 ಗಜ ಸಾಗಿ, 34 ಸೆಕೆಂಡು ಉಳಿದಿರುವಾಗ ಗೆಲುವಿನ ಅಂಕ ತಂದಿತು. ಅಷ್ಟು ದೂರವನ್ನು ಅವರು ಬಹುಪಾಲು ಸಣ್ಣ ಎಸೆತಗಳಲ್ಲೇ ಕ್ರಮಿಸಿದರು. ಅದರೊಂದಿಗೆ ವಾಲ್ಶ್ ಆ ಹುದ್ದೆ ಬಿಟ್ಟರು.

1992ರಲ್ಲಿ ಅವರು ಸ್ಟ್ಯಾನ್‌ಫರ್ಡ್‌ಗೆ ಮರಳಿದ್ದು ಹಲವರಿಗೆ ವಿಚಿತ್ರವೆನಿಸಿತು, ನನಗೆ ಸಹಜವೆನಿಸುತ್ತದೆ. ಮೊದಲ ವರ್ಷ ಹತ್ತು ಗೆಲುವು, ಮುಂದಿನ ಎರಡು ವರ್ಷ ಸೋಲುಗಳೇ ಹೆಚ್ಚು. 2007ರ ಜುಲೈ 30ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

ಅವರ ಕೆಲಸಗಳಲ್ಲಿ ಒಂದರ ಬಗ್ಗೆ ಮಾತ್ರ ನನಗೆ ಟ್ರೋಫಿಗಳಿಗಿಂತ ಹೆಚ್ಚಿನ ಗೌರವವಿದೆ. ಕಪ್ಪು ಜನಾಂಗದ ಕೋಚ್‌ಗಳಿಗೆ ವೃತ್ತಿಪರ ತಂಡಗಳ ಬಾಗಿಲು ತೆರೆಯದಿದ್ದುದನ್ನು ಕಂಡು, 1987ರಲ್ಲಿ ಅವರನ್ನು ತಮ್ಮ ತರಬೇತಿ ಶಿಬಿರಕ್ಕೆ ಕರೆಸಿ ಕಲಿಸುವ ಯೋಜನೆಯನ್ನು ಶುರುಮಾಡಿದರು. ಅದನ್ನು ಲೀಗ್ ತನ್ನದಾಗಿಸಿಕೊಂಡು ಇಂದಿಗೂ ಅವರ ಹೆಸರಿನಲ್ಲಿ ನಡೆಸುತ್ತಿದೆ. ಆ ಯೋಜನೆಯಲ್ಲಿ ಕಲಿತ ಮಾರ್ವಿನ್ ಲೂಯಿಸ್ 2003ರಲ್ಲಿ ಒಂದು ತಂಡದ ಮುಖ್ಯ ಕೋಚ್ ಆಗಿ, ಹದಿನಾರು ಋತುಗಳ ಕಾಲ ಅಲ್ಲಿಯೇ ಇದ್ದರು. ಆ ತಂಡ ಸಿನ್ಸಿನಾಟಿ ಬೆಂಗಾಲ್ಸ್.