ಐವತ್ತೈದು ದಾಟಿದ ಮೇಲೆ ಪಾರ್ಲರಿನಲ್ಲಿ ಏನು ಮಾಡಿಸಬೇಕು, ಏನು ಬೇಡ

"ಈ ವಯಸ್ಸಲ್ಲಿ ಪಾರ್ಲರ್ ಯಾಕೆ?" ಎಂದು ಮನೆಯವರು ಕೇಳುತ್ತಾರೆ. "ಈ ವಯಸ್ಸಿಗೇ ಬೇಕು ಆಂಟಿ, ಸ್ಕಿನ್ ಟೈಟ್ ಆಗತ್ತೆ" ಎಂದು ಪಾರ್ಲರಿನವರು ಹೇಳುತ್ತಾರೆ. ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ಲೆಕ್ಕ ಹಾಕೋಣ. ಬಗ್ಗಲಾಗದ ಕಡೆ, ಕಣ್ಣು ಕಾಣದ ಕಡೆ, ಕೈಗೆ ಎಟುಕದ ಕಡೆ ಇನ್ನೊಬ್ಬರ ಪಳಗಿದ ಕೈ ಕೆಲಸ ಮಾಡಿದರೆ ಆ ದುಡ್ಡು ಸಾರ್ಥಕ. ಸುಕ್ಕು ಹೋಗುತ್ತದೆ, ಬಣ್ಣ ತಿಳಿಯಾಗುತ್ತದೆ ಎಂಬ ಮಾತಿಗೆ ಕೊಟ್ಟ ದುಡ್ಡು ಬಹುತೇಕ ಹೋದ ಹಾಗೆಯೇ.

ಮುಟ್ಟು ನಿಂತ ಮೇಲಿನ ಚರ್ಮ ಮೊದಲಿನದಲ್ಲ. ಈಸ್ಟ್ರೋಜನ್ ಹಾರ್ಮೋನ್ ಇಳಿದ ಮೊದಲ ಐದು ವರ್ಷಗಳಲ್ಲೇ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೋಟೀನು ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಎಣ್ಣೆ ಗ್ರಂಥಿಗಳು ನಿಧಾನವಾಗುತ್ತವೆ, ಮೇಲ್ಪದರ ತೆಳುವಾಗುತ್ತದೆ, ಗಾಯ ಮಾಯಲು ಹೆಚ್ಚು ದಿನ ಹಿಡಿಯುತ್ತದೆ. ಮೂವತ್ತರಲ್ಲಿ ಏನೂ ಆಗದಿದ್ದ ವ್ಯಾಕ್ಸಿಂಗ್, ಬ್ಲೀಚ್, ಸ್ಕ್ರಬ್ ಅರವತ್ತರಲ್ಲಿ ಸಿಪ್ಪೆ ಎಬ್ಬಿಸುವುದು ಇದೇ ಕಾರಣಕ್ಕೆ. ಪಾರ್ಲರಿನ ಹುಡುಗಿಯರು ಕಲಿತಿರುವುದು ಹೆಚ್ಚಾಗಿ ಎಳೆ ಚರ್ಮದ ಮೇಲೆ. ಹಾಗಾಗಿ ನಿಮ್ಮ ಚರ್ಮಕ್ಕೆ ಏನು ಬೇಕು, ಏನು ಬೇಡ ಎಂದು ನೀವೇ ಬಾಯಿ ಬಿಟ್ಟು ಹೇಳಬೇಕು.

ಕಾಲಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ವಯಸ್ಸಾದವರಿಗೆ ಪಾರ್ಲರಿನಿಂದ ನಿಜವಾಗಿ ಸಿಗುವ ದೊಡ್ಡ ಉಪಕಾರ ಅಲ್ಲಿದೆ. ಮಂಡಿನೋವು, ಸೊಂಟನೋವು ಇದ್ದವರಿಗೆ ತಮ್ಮ ಕಾಲುಗುರು ತಾವೇ ಕತ್ತರಿಸಿಕೊಳ್ಳಲು ಆಗುವುದಿಲ್ಲ. ಉಗುರು ದಪ್ಪವಾಗಿ, ಬಾಗಿ, ಪಕ್ಕದ ಮಾಂಸಕ್ಕೆ ಚುಚ್ಚುತ್ತದೆ. ತಿಂಗಳಿಗೊಮ್ಮೆ ಇದನ್ನು ಸರಿಯಾಗಿ ಮಾಡಿಸಿಕೊಂಡರೆ ನಡಿಗೆಯೇ ಹಗುರಾಗುತ್ತದೆ. ಇದನ್ನು ಶೋಕಿ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಆದರೆ ಪೆಡಿಕ್ಯೂರ್ ಮಾಡುವ ಕ್ರಮ ಮುಖ್ಯ. ನೀರು ಮೊಣಕೈಗೆ ಬರೀ ಉಗುರುಬೆಚ್ಚಗೆ ಅನಿಸಬೇಕು, 37 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಶುಗರ್ ಇರುವವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು. ಕಾಲಿಟ್ಟು "ಸರಿ ಇದೆ" ಎಂದವರ ಪಾದದಲ್ಲಿ ಮನೆಗೆ ಹೋಗುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಹಾಗಾಗಿ ನೀರನ್ನು ಪರೀಕ್ಷಿಸಬೇಕಾದದ್ದು ಕೈಯಿಂದ, ಕಾಲಿನಿಂದಲ್ಲ. ನೆನೆಸುವುದು ಐದು ನಿಮಿಷ ಸಾಕು. ಇಪ್ಪತ್ತು ನಿಮಿಷ ನೆನೆದ ಚರ್ಮ ಮೆತ್ತಗಾಗಿ ಬೇಕಿಲ್ಲದ ಕಡೆಯೂ ಕಿತ್ತುಬರುತ್ತದೆ. ಉಗುರನ್ನು ನೇರಕ್ಕೆ ಕತ್ತರಿಸಿ ತುದಿ ಮಾತ್ರ ಫೈಲ್ ಮಾಡಬೇಕು. ಮೂಲೆಯೊಳಗೆ ಕತ್ತರಿ ತೂರಿಸಿ ಗುಂಡಗೆ ಕೊರೆದರೆ ಮುಂದಿನ ತಿಂಗಳು ಉಗುರು ಮಾಂಸದೊಳಗೇ ಬೆಳೆಯುತ್ತದೆ. ಉಗುರಿನ ಬುಡದ ಪೊರೆ ಕತ್ತರಿಸಲು ಬಿಡಲೇಬೇಡಿ. ಸೋಂಕು ಒಳಗೆ ಹೋಗದಂತೆ ತಡೆಯುವ ಬಾಗಿಲು ಅದು. ಹಿಮ್ಮಡಿಗೆ ಬ್ಲೇಡು ಹಾಕಿ ಹೆರೆಯುವುದೂ ಬೇಡ, ಒರಟು ಫೈಲ್ ಅಥವಾ ಪ್ಯೂಮಿಸ್ ಕಲ್ಲು ಸಾಕು. ಕೊನೆಗೆ ಬೆರಳ ಸಂದು ಒಣಬಟ್ಟೆಯಲ್ಲಿ ಒರೆಸಬೇಕು, ಸಂದಿಗೆ ಕ್ರೀಮು ಹಚ್ಚಬಾರದು. ತೇವ ನಿಂತರೆ ಅಲ್ಲಿ ಫಂಗಸ್ ಖಚಿತ.

ಟಬ್ಬಿನ ವಿಷಯ. ನೀರು ಚಿಮ್ಮುವ ಟಬ್ಬುಗಳ ಪೈಪಿನೊಳಗೆ ಹಿಂದಿನವರ ಕಾಲಿನ ಕೊಳೆ ಉಳಿದಿರುತ್ತದೆ. ಸಾದಾ ಟಬ್ಬು, ಅದರ ಮೇಲೆ ಹೊಸ ಪ್ಲಾಸ್ಟಿಕ್ ಹಾಳೆ, ಇದೇ ಒಳ್ಳೆಯದು. ಕತ್ತರಿ, ನೈಲ್ ಕಟರುಗಳನ್ನು ನೀಲಿ ಬೆಳಕಿನ ಪೆಟ್ಟಿಗೆಯಲ್ಲಿಟ್ಟಿದ್ದೇವೆ ಎಂದರೆ ಕ್ರಿಮಿನಾಶ ಆಯಿತು ಎಂದಲ್ಲ. ಬೆಳಕು ಬಿದ್ದ ಮೈ ಮಾತ್ರ ಶುದ್ಧವಾಗುತ್ತದೆ, ಕೀಲು ಮತ್ತು ಸಂದು ಹಾಗೇ ಉಳಿಯುತ್ತವೆ. ನಿಮ್ಮದೇ ಒಂದು ಸೆಟ್ ಕೊಂಡು ಡಬ್ಬಿಯಲ್ಲಿ ಒಯ್ಯಿರಿ. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಪಾದದಲ್ಲಿ ಗಾಯ, ಜೋಮು ಅಥವಾ ಬಣ್ಣ ಬದಲಾದ ಬೆರಳು ಇದ್ದರೆ ಪಾರ್ಲರ್ ಬೇಡ, ಡಾಕ್ಟರು. ಆಣಿಗೆ ಅಂಗಡಿಯಲ್ಲಿ ಸಿಗುವ ಆಸಿಡ್ ಪಟ್ಟಿ ಶುಗರ್ ಇರುವವರು ಹಚ್ಚಲೇಬಾರದು. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅಲ್ಲಿಗೆ ಮಸಾಜೂ ಬೇಡ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಇನ್ನು ಹಿಮ್ಮಡಿ ಒಡಕಿಗೆ ಪಾರ್ಲರಿಗಿಂತ ಮನೆಯೇ ವಾಸಿ. ಶೇ 10ರಿಂದ 20 ಯೂರಿಯಾ ಇರುವ ಕ್ರೀಮನ್ನು ರಾತ್ರಿ ಕಾಲು ತೊಳೆದು ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಎರಡು ಮೂರು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ರಕ್ತ ಬರುವಷ್ಟು ಆಳದ ಬಿರುಕಿಗೆ ಮಾತ್ರ ಯೂರಿಯಾ ಉರಿಯುತ್ತದೆ, ಅದು ಕೂಡುವವರೆಗೆ ವ್ಯಾಸಲಿನ್.

ಹುಬ್ಬು ತೆಗೆಸುವುದು ಒಳ್ಳೆಯದೇ, ಒಂದು ಎಚ್ಚರಿಕೆಯೊಂದಿಗೆ. ರೆಪ್ಪೆಯ ಮೇಲಿನ ಚರ್ಮ ಸಡಿಲವಾಗಿರುವುದರಿಂದ ದಾರದ ಸುರುಳಿಗೆ ಚರ್ಮವೇ ಸಿಕ್ಕಿ ಸೀಳುತ್ತದೆ. ನೀವು ಎರಡೂ ಕೈಯಿಂದ, ಒಂದು ಹುಬ್ಬಿನ ಮೇಲೆ, ಇನ್ನೊಂದು ರೆಪ್ಪೆಯ ಮೇಲೆ ಇಟ್ಟು ಬಿಗಿಯಾಗಿ ಹಿಡಿಯಬೇಕು. ಕೆಳಗಿನ ಚೂರುಪಾರು ಮಾತ್ರ ತೆಗೆಯಲು ಹೇಳಿ. ಈ ವಯಸ್ಸಿನಲ್ಲಿ ತೆಳುಮಾಡಿದ ಹುಬ್ಬು ಮತ್ತೆ ತುಂಬಿಬರುವುದು ಕಷ್ಟ. ಹುಬ್ಬಿನ ಹೊರತುದಿ ತಾನಾಗಿಯೇ ಉದುರಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಖದಲ್ಲಿ ಚಪ್ಪಟೆ ನರಹುಲಿ ಇದ್ದವರು ಅದು ವಾಸಿಯಾಗುವ ತನಕ ದಾರ ಹಾಕಿಸಬಾರದು, ದಾರ ಹೋದಲ್ಲೆಲ್ಲ ಹರಡುತ್ತದೆ.

ಗಲ್ಲದ ಮೇಲೆ ನಾಲ್ಕಾರು ಒರಟು ಕೂದಲು ಬರುವುದು ಮುಟ್ಟು ನಿಂತವರಲ್ಲಿ ಸಾಮಾನ್ಯ. ಒಳ್ಳೆಯ ಚಿಮಟ, ಭೂತಗನ್ನಡಿ, ಹಗಲು ಬೆಳಕು ಸಾಕು. ಲೇಸರ್ ಪ್ಯಾಕೇಜ್ ಮಾರಲು ಬಂದರೆ ಮೊದಲು ಕೂದಲ ಬಣ್ಣ ನೋಡಿಕೊಳ್ಳಿ. ಲೇಸರ್ ಹಿಡಿಯುವುದು ಕೂದಲಿನ ಕಪ್ಪು ಬಣ್ಣವನ್ನು. ಬಿಳಿ ಕೂದಲಿಗೆ ಅದು ಏನೂ ಮಾಡಲಾರದು. ಬಿಳಿ ಕೂದಲಿನ ಬೇರು ಸುಡಲು ಎಲೆಕ್ಟ್ರಾಲಿಸಿಸ್ ಒಂದೇ ದಾರಿ, ಒಂದೊಂದೇ ಕೂದಲಿಗೆ ಸೂಜಿ ಹಾಕುವ ನಿಧಾನದ ಕೆಲಸ ಅದು. ಕೆಲವೇ ತಿಂಗಳಲ್ಲಿ ಗಡ್ಡದಂತೆ ದಟ್ಟವಾಗಿ ಬಂದು ದನಿಯೂ ಗಡಸಾದರೆ ಹಾರ್ಮೋನ್ ಪರೀಕ್ಷೆ ತುರ್ತಾಗಿ ಬೇಕು.

ಈಗ ಎಲ್ಲರೂ ಕೇಳುವ ಫೇಶಿಯಲ್. ಗೋಲ್ಡ್, ಡೈಮಂಡ್, ಪರ್ಲ್ ಎಂಬ ಹೆಸರುಗಳಿಗೆ ಸಾವಿರ, ಎರಡು ಸಾವಿರ ಕೊಡುತ್ತೇವೆ. ಚಿನ್ನದ ಪುಡಿ ಚರ್ಮದೊಳಗೆ ಹೋಗಿ ಸುಕ್ಕು ಬಿಡಿಸುವುದಿಲ್ಲ. ಮಾಡಿಸಿದ ದಿನ ಕಾಣುವ ಹೊಳಪು ಮೂರರಿಂದ ಬರುತ್ತದೆ: ಸತ್ತ ಪದರ ಹೋಗಿದೆ, ಮಸಾಜಿನಿಂದ ರಕ್ತ ಮೇಲೆ ಬಂದಿದೆ, ಕ್ರೀಮು ತೇವ ಹಿಡಿದಿದೆ. ಎರಡು ಮೂರು ದಿನಕ್ಕೆ ಮೂರೂ ಇಳಿಯುತ್ತವೆ. ಮೊಮ್ಮಗಳ ನಾಮಕರಣ, ಮಗನ ಮದುವೆ ಎಂದು ಆ ಮೂರು ದಿನಕ್ಕಾಗಿಯೇ ಮಾಡಿಸುವುದಾದರೆ ತಪ್ಪೇನಿಲ್ಲ. ಒಂಟಿಯಾಗಿರುವವರಿಗೆ ಅರ್ಧ ಗಂಟೆ ಯಾರೋ ಮುಖ ಸವರಿ ಮಾತಾಡಿಸುವುದೂ ಸಣ್ಣ ವಿಷಯವಲ್ಲ. ಸಮಾರಂಭಕ್ಕೆ ನಾಲ್ಕೈದು ದಿನ ಮೊದಲು, ಕಡಿಮೆ ಬೆಲೆಯ ಸಾದಾ ಫೇಶಿಯಲ್ ಆರಿಸಿ. ಹರಳು ಹರಳಾದ ಸ್ಕ್ರಬ್ ಬೇಡ ಎನ್ನಿ. ಹಬೆ ಐದು ನಿಮಿಷ ಮೀರಬಾರದು, ಬಂಗು ಇದ್ದವರಿಗೆ ಹಬೆಯೇ ಬೇಡ, ಶಾಖಕ್ಕೆ ಬಂಗು ಕಪ್ಪಾಗುತ್ತದೆ. ಕತ್ತಿನ ಎರಡೂ ಪಕ್ಕ, ನಾಡಿ ಬಡಿಯುವ ಜಾಗ ಒತ್ತಿಸಿಕೊಳ್ಳಬೇಡಿ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಗಟ್ಟಿ ಮಸಾಜಿಗೆ ಕಣ್ಣ ಕೆಳಗೆ ನೀಲಿಗಟ್ಟುತ್ತದೆ. ಬ್ಲೀಚ್ ತಿಳಿಮಾಡುವುದು ಮುಖದ ನವಿರು ಕೂದಲನ್ನು. ತೆಳು ಚರ್ಮದ ಮೇಲೆ ಪೆರಾಕ್ಸೈಡ್ ಉರಿ ಎಬ್ಬಿಸಿ ಕಲೆ ಉಳಿಸುವ ಸಂಭವವೇ ಹೆಚ್ಚು, ನಾನಾದರೆ ಬೇಡವೇ ಬೇಡ ಎನ್ನುತ್ತೇನೆ.

ಕತ್ತಿನ ಹಿಂಭಾಗ ಮಖಮಲ್ಲಿನಂತೆ ಕಪ್ಪಾಗಿ ದಪ್ಪವಾಗಿದ್ದರೆ ಅದು ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಇರಬಹುದು. ಉಜ್ಜಿಸಿದಷ್ಟೂ ಕಪ್ಪಾಗುತ್ತದೆ, ಶುಗರ್ ಟೆಸ್ಟ್ ಮಾಡಿಸಿ. ಸ್ಟಿಕ್ಕರ್ ಬಿಂದಿ ಇಡುವ ಜಾಗದಲ್ಲಿ ಬಿಳಿ ಮಚ್ಚೆ ಮೂಡಿದ್ದರೆ ಅದು ಅಂಟಿನಲ್ಲಿರುವ ರಾಸಾಯನಿಕದ ಕೆಲಸವಾಗಿರಬಹುದು. ಸ್ಟಿಕ್ಕರ್ ನಿಲ್ಲಿಸಿ ಸ್ಕಿನ್ ಡಾಕ್ಟರಿಗೆ ತೋರಿಸಿ. ಮೇಕಪ್ಪಿನಲ್ಲಿ ಮುಚ್ಚಿಸುತ್ತಾ ಹೋದರೆ ಅದು ದೊಡ್ಡದಾಗುತ್ತದೆ.

ತಲೆಗೆ ಡೈ ಹಾಕಿಸುವವರು ಅಲರ್ಜಿ ತರಬಲ್ಲ ಒಂದು ರಾಸಾಯನಿಕದ ಹೆಸರು ನೆನಪಿಟ್ಟುಕೊಳ್ಳಿ: ಪಿಪಿಡಿ. ಕಪ್ಪು ಡೈಗಳಲ್ಲಿ ಬಹುಪಾಲು ಇದೇ ಇರುತ್ತದೆ. "ಅಮೋನಿಯಾ ಇಲ್ಲ" ಎಂದರೆ ಪಿಪಿಡಿ ಇಲ್ಲ ಎಂದಲ್ಲ. ಹಚ್ಚಿದ ಕೂಡಲೇ ಕಪ್ಪಾಗುವ "ಕಪ್ಪು ಮೆಹಂದಿ"ಯಲ್ಲೂ ಇರುತ್ತದೆ. ಶುದ್ಧ ಮೆಹಂದಿ ಕೊಡುವುದು ಕೆಂಪು ಬಣ್ಣ ಮಾತ್ರ. ಇಪ್ಪತ್ತು ವರ್ಷ ಹಚ್ಚಿದವರಿಗೂ ಇಪ್ಪತ್ತೊಂದನೆಯ ವರ್ಷ ಅಲರ್ಜಿ ಶುರುವಾಗಬಹುದು. ಆದ್ದರಿಂದ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಪಾರ್ಲರಿನವರು ಪುರಸೊತ್ತಿಲ್ಲ ಎಂದರೂ ನೀವು ಬಿಡಬೇಡಿ. ಕಜ್ಜಿ ಎದ್ದರೆ ಆ ಡೈ ಜೀವನಪೂರ್ತಿ ಬೇಡ. ಮುಖ, ರೆಪ್ಪೆ ಊದಿಕೊಂಡರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ಹಾಕಿಸುವಾಗ ಬುಡದ ಬಿಳಿಗಷ್ಟೇ ಹಾಕಿಸಿ, ಪ್ರತಿಸಲ ತುದಿಯವರೆಗೂ ಎಳೆದರೆ ಕೂದಲು ತೆಂಗಿನ ನಾರಾಗುತ್ತದೆ. ತಲೆಯ ಹಿಂಭಾಗಕ್ಕೆ ನಮ್ಮ ಕೈ ಎಟುಕದು, ಅದಕ್ಕೆ ಪಾರ್ಲರ್ ಬೇಕೇ ಬೇಕು. ಡೈ ಬಿಟ್ಟು ಬಿಳಿಗೆ ಮರಳಬೇಕು ಅಂದುಕೊಂಡವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ತುದಿ ಕತ್ತರಿಸಿ ಎರಡು ಬಣ್ಣದ ಗೆರೆ ಕಾಣದ ಹಾಗೆ ಮಾಡಿಕೊಡುವ ಒಳ್ಳೆಯ ಹೇರ್ ಕಟ್ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಕೊಡುತ್ತದೆ. ನೇರ ಮಾಡುವ ಕೆರಾಟಿನ್ ಬೇಡ. ಕೆಲವದರಿಂದ ಫಾರ್ಮಾಲ್ಡಿಹೈಡ್ ಎಂಬ ವಿಷದ ಹೊಗೆ ಬರುತ್ತದೆ, ಗ್ಲೈಆಕ್ಸಿಲಿಕ್ ಆಮ್ಲ ಇರುವವುಗಳಿಂದ ಕಿಡ್ನಿಗೆ ತೀವ್ರ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಬೈತಲೆ ಅಗಲವಾಗುತ್ತಿದ್ದರೆ ಹೇರ್ ಸ್ಪಾಗೆ ಸುರಿಯುವ ದುಡ್ಡಲ್ಲಿ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹ), ಥೈರಾಯ್ಡ್ ಪರೀಕ್ಷೆ ಮಾಡಿಸಬಹುದು.

ಕುತ್ತಿಗೆಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ತಲೆ ತೊಳೆಯುವ ಬೇಸಿನ್ನಿನ ಅಂಚಿಗೆ ಕುತ್ತಿಗೆ ಹಿಂದಕ್ಕೆ ಮಡಚಿ ಹತ್ತು ನಿಮಿಷ ಮಲಗಿದರೆ ಮಿದುಳಿಗೆ ರಕ್ತ ಒಯ್ಯುವ ನಾಳ ಒತ್ತಿಹೋಗಬಹುದು, ಒಳಪದರ ಹರಿಯಬಹುದು. 1993ರಲ್ಲಿ ಅಮೆರಿಕದ ವೈದ್ಯರೊಬ್ಬರು ಇಂಥ ಐದು ಮಹಿಳೆಯರ ಪ್ರಕರಣ ಬರೆದ ಮೇಲೆ ಇದಕ್ಕೆ ಬ್ಯೂಟಿ ಪಾರ್ಲರ್ ಸ್ಟ್ರೋಕ್ ಎಂದೇ ಹೆಸರಾಯಿತು. ಅಪರೂಪ ನಿಜ, ಆದರೆ ಬಿಪಿ, ಶುಗರ್, ಕತ್ತಿನ ಸ್ಪಾಂಡಿಲೋಸಿಸ್ ಇರುವವರು ಎಚ್ಚರವಾಗಿರಬೇಕು. ಟವೆಲ್ ಸುತ್ತಿ ಕುತ್ತಿಗೆಯ ಕೆಳಗೆ ಇಡಿಸಿ, ಇಲ್ಲವೇ ಮುಂದಕ್ಕೆ ಬಗ್ಗಿ ತೊಳೆಸಿಕೊಳ್ಳಿ. ಎಲ್ಲಕ್ಕಿಂತ ಸುಲಭವೆಂದರೆ ಮನೆಯಲ್ಲೇ ತಲೆ ತೊಳೆದು ಹೋಗುವುದು. ಎದ್ದಾಗ ತಲೆಸುತ್ತು, ವಾಂತಿ, ಎರಡೆರಡು ಕಾಣುವುದು, ಮಾತು ತೊದಲುವುದು ಇದ್ದರೆ ಗ್ಯಾಸ್ಟ್ರಿಕ್ ಎನ್ನುತ್ತಾ ಕೂರದೆ ನೇರ ಆಸ್ಪತ್ರೆಗೆ.

ಸುಕ್ಕು, ಬಂಗಿನ ಚಿಂತೆ ಇರುವವರು ಆರು ತಿಂಗಳ ಫೇಶಿಯಲ್ ದುಡ್ಡನ್ನು ಒಂದು ಸಲ ಸ್ಕಿನ್ ಡಾಕ್ಟರಿಗೆ ಕೊಡಿ. ಸುಕ್ಕಿಗೆ ಪುರಾವೆ ಇರುವ ಔಷಧ ಟ್ರೆಟಿನಾಯಿನ್ ಕ್ರೀಮು. ಶೇ 0.025ರದ್ದು, ಬಟಾಣಿಯಷ್ಟು, ಮೊದಲು ವಾರಕ್ಕೆ ಎರಡು ರಾತ್ರಿ; ಫಲ ಕಾಣಲು ಮೂರು ನಾಲ್ಕು ತಿಂಗಳು. ಇದನ್ನು ಹಚ್ಚುವವರು ಮುಖಕ್ಕೆ ವ್ಯಾಕ್ಸ್ ಮಾಡಿಸಿದರೆ ಚರ್ಮವೇ ಕಿತ್ತುಬರುತ್ತದೆ, ವಾರ ಮೊದಲೇ ನಿಲ್ಲಿಸಿರಬೇಕು. ಹಗಲು ಸನ್‌ಸ್ಕ್ರೀನ್, ಎಸ್‌ಪಿಎಫ್ 30, ಎರಡು ಬೆರಳುದ್ದ, ಕತ್ತಿಗೂ ಸೇರಿಸಿ. ಬಂಗಿಗೆ ಬಣ್ಣ ಬೆರೆಸಿದ್ದೇ ಬೇಕು, ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಕೊಡುವ "ಬಿಳಿ ಆಗುವ" ಸ್ಟೆರಾಯ್ಡ್ ಟ್ಯೂಬು ವಿಷ. ಒಂದೆರಡು ವಾರ ಹೊಳೆದು, ಆಮೇಲೆ ಚರ್ಮ ಕಾಗದದಂತಾಗಿ ರಕ್ತನಾಳ ಕಾಣತೊಡಗುತ್ತವೆ. ಇಂಥ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಆಮ್ಲ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವ ಪೀಲ್, ಸೂಜಿಯಲ್ಲಿ ಕೊಡುವ ಬೊಟಾಕ್ಸ್, ಫಿಲ್ಲರ್ ಯಾವುದನ್ನೂ ಪಾರ್ಲರಿನಲ್ಲಿ ಮಾಡಿಸಬೇಡಿ. ನಮ್ಮ ಕಂದು ಚರ್ಮ ಪೀಲ್ ಹೆಚ್ಚಾದರೆ ಕಪ್ಪು ಕಲೆ ಬಿಡುತ್ತದೆ, ತಪ್ಪು ನಾಳಕ್ಕೆ ಹೋದ ಫಿಲ್ಲರ್ ಕಣ್ಣನ್ನೇ ತೆಗೆದೀತು.

ಡಾಕ್ಟರ ಹತ್ತಿರ ಮಾಡಿಸುವುದರಲ್ಲಿ ನಾನು ಎರಡು ಮಾತಿಲ್ಲದೆ ಹೇಳುವುದು ಕಿವಿ ಹೊಲಿಸುವುದನ್ನು. ನಲವತ್ತು ವರ್ಷ ಜುಮುಕಿ, ಓಲೆ ಹೊತ್ತ ಕಿವಿಯ ತೂತು ಸೀಳಿನಂತೆ ಇಳಿದಿರುತ್ತದೆ, ಕೆಲವರಿಗೆ ಪೂರ್ತಿ ಹರಿದೇ ಹೋಗಿರುತ್ತದೆ. ಅದಕ್ಕೇ ಹಬ್ಬಕ್ಕೂ ಓಲೆ ಹಾಕದೆ ಸೆರಗಲ್ಲಿ ಕಿವಿ ಮರೆಮಾಡುವವರಿದ್ದಾರೆ. ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತೂತಿನ ಒಳಗಿನ ವಾಸಿಯಾದ ಚರ್ಮ ಹೆರೆದು ತೆಗೆದು ಹೊಲಿಯುತ್ತಾರೆ, ಒಂದು ಕಿವಿಗೆ ಅರ್ಧ ಗಂಟೆಯ ಕೆಲಸ. ಹೆರೆಯದೆ ಅಂಟು ಹಾಕಿ ಕೂಡಿಸಿದರೆ ಮತ್ತೆ ಬಿಡುತ್ತದೆ, ಪಾರ್ಲರಿನಲ್ಲಿ ಅಂಟಿಸಿಕೊಂಡವರಿಗೆ ಆಗುವುದು ಇದೇ. ಹೊಲಿಗೆ ವಾರದ ಹೊತ್ತಿಗೆ ಬಿಚ್ಚುತ್ತಾರೆ. ಹಿಂದೆ ಗಾಯವಾದಲ್ಲಿ ಗಂಟು ಬೆಳೆದಿದ್ದರೆ ಮೊದಲೇ ಹೇಳಬೇಕು, ಕಿವಿಯಲ್ಲಿ ಕೆಲಾಯ್ಡ್ ಬರುವುದುಂಟು. ಹೊಸ ತೂತಿಗೆ ಎರಡು ಮೂರು ತಿಂಗಳು ಕಾಯಿರಿ, ಅದೂ ಹಳೆಯ ಗಾಯದ ಗೆರೆಯ ಮೇಲೆ ಬೇಡ, ಸ್ವಲ್ಪ ಪಕ್ಕಕ್ಕೆ. ಆಮೇಲೆ ದಿನಕ್ಕೆ ಹಗುರ ಬೆಂಡೋಲೆ; ಜುಮುಕಿ ಹಾಕುವ ದಿನ ಮಾಟಿ ಸಿಕ್ಕಿಸಿ ಭಾರವನ್ನು ಕೂದಲಿಗೆ ಕೊಡಿ, ರಾತ್ರಿ ಮಲಗುವ ಮೊದಲು ಬಿಚ್ಚಿಡಿ.