ಆ ಕಾನೂನುಗಳು ನಿಜವಾ, ಕಟ್ಟುಕಥೆಯಾ?

ಹಳೆಯ ರೋಮ್‌ನಲ್ಲಿ ಹುಡುಗರು ಕಲ್ಪಿತ ಕೇಸುಗಳ ಮೇಲೆ ವಾದ ಮಾಡಿ ಕಲಿಯುತ್ತಿದ್ದ ಭಾಷಣಶಾಲೆಗಳ ಮಾತು ತೆಗೆದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ: ‘ಅಲ್ಲಿ ಹುಡುಗರು ವಾದ ಮಾಡುತ್ತಿದ್ದ ಕಾನೂನುಗಳು ನಿಜವಾಗಿ ಇದ್ದವಾ?’ ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಕೆಲವು ಇದ್ದವು, ಕೆಲವು ಇರಲಿಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದವರನ್ನು ಕೊಲ್ಲುವ ಹಕ್ಕು ಆಗಸ್ಟಸ್ ಚಕ್ರವರ್ತಿಯ ಕಾನೂನಿನಲ್ಲೂ ಇತ್ತು, ಆದರೆ ಬಿಗಿಯಾದ ಷರತ್ತುಗಳೊಂದಿಗೆ. ಅತ್ಯಾಚಾರಕ್ಕೊಳಗಾದವಳು ಅಪರಾಧಿಯ ಸಾವನ್ನಾದರೂ ಕೇಳಬಹುದು, ವರದಕ್ಷಿಣೆಯಿಲ್ಲದೆ ಅವನನ್ನು ಮದುವೆಯಾದರೂ ಆಗಬಹುದು ಎಂಬುದು ಮಾತ್ರ ಶಾಲೆಯೊಳಗಿನ ಕಾನೂನು. ಶಾಲೆಯ ವಾದಗಳನ್ನು ಕೂಡಿಸಿಟ್ಟ ಹಿರಿಯ ಸೆನೆಕನ ಸಂಗ್ರಹದಲ್ಲಿ ಒಬ್ಬನೇ ಒಂದೇ ರಾತ್ರಿ ಇಬ್ಬರ ಮೇಲೆ ಅತ್ಯಾಚಾರ ಮಾಡುತ್ತಾನೆ. ಒಬ್ಬಳು ಸಾವು ಕೇಳುತ್ತಾಳೆ, ಇನ್ನೊಬ್ಬಳು ಮದುವೆ. ಈಗ ವಾದಿಸಿ!

ಒಮ್ಮೆ ಒಂದು ಕಾನೂನು ಕಾಲೇಜಿನಲ್ಲಿ ಇಷ್ಟು ಹೇಳಿದ್ದೆ. ಹಿರಿಯ ವಕೀಲರೊಬ್ಬರು ಎದ್ದುನಿಂತು, ‘ಅಂದರೆ ಟೈಮ್‌ಪಾಸ್ ಅನ್ನಿ’ ಎಂದರು. ಸಭೆ ನಕ್ಕಿತು. ನನಗೆ ಮೈ ಉರಿಯಿತು. ಅವರು ಅಲ್ಲಿಗೇ ಬಿಡದೆ ಅಲ್ಬುಸಿಯಸ್‌ನನ್ನೂ ಎಳೆದು ತಂದರು. ಆತ ಶಾಲೆಯಲ್ಲಿ ಹೆಸರಾಂತ ಮೇಷ್ಟ್ರು. ನಿಜವಾದ ಕೋರ್ಟಿನಲ್ಲಿ ಎದುರಾಳಿಗೆ, ‘ಪ್ರಮಾಣ ಮಾಡ್ತೀಯಾ? ಮಾಡು, ನಿನ್ನಪ್ಪನ ಬೂದಿಯ ಮೇಲೆ’ ಎಂದು ಅಬ್ಬರಿಸಿದ. ‘ಆಗಲಿ, ನಮ್ಮ ಕಕ್ಷಿದಾರ ಪ್ರಮಾಣ ಮಾಡುತ್ತಾನೆ’ ಎಂದುಬಿಟ್ಟ ಎದುರು ವಕೀಲ ಅರುಂಟಿಯಸ್. ಅದು ಬರೀ ಅಲಂಕಾರ ಎಂದು ಅಲ್ಬುಸಿಯಸ್ ಎಷ್ಟು ಬಡಕೊಂಡರೂ ಯಾರೂ ಕೇಳಲಿಲ್ಲ. ಕೇಸು ಸೋತ, ಮತ್ತೆ ಕೋರ್ಟಿನ ಕಡೆ ತಲೆ ಹಾಕಲಿಲ್ಲ.

ಸರಿ, ಮೇಷ್ಟ್ರು ಸೋತ. ಅಷ್ಟಕ್ಕೇ ಆ ಶಾಲೆಗೂ ಕಾನೂನಿಗೂ ಸಂಬಂಧವೇ ಇಲ್ಲ ಅನ್ನುವುದು ಯಾವ ನ್ಯಾಯ? ಆ ಹುಡುಗರು ಅಲ್ಲಿಂದ ಕೋರ್ಟಿಗೆ ಏನು ಹೊತ್ತುಕೊಂಡು ಹೋದರು ಅಂತ ಯಾಕೆ ಯಾರೂ ಕೇಳುವುದಿಲ್ಲ?

ರೋಮ್‌ನ ಭಾಷಣಕಲೆಯ ಮೇಷ್ಟ್ರು ಕ್ವಿಂಟಿಲಿಯನ್ ಕೊಡುವ ಒಂದು ಶಾಲಾ ಸಮಸ್ಯೆ ನೋಡಿ. ಪರದೇಶದವನು ಕೋಟೆಗೋಡೆ ಹತ್ತಿದರೆ ಮರಣದಂಡನೆ. ಶತ್ರುಗಳು ಗೋಡೆ ಹತ್ತಿದಾಗ ಒಬ್ಬ ಪರದೇಶಿ ಮೇಲೇರಿ ಅವರನ್ನು ಓಡಿಸಿದ. ಅವನನ್ನು ಕೊಲ್ಲಬೇಕಾ? ಕಾನೂನಿನ ಅಕ್ಷರ ದೊಡ್ಡದಾ, ಉದ್ದೇಶ ದೊಡ್ಡದಾ ಎಂಬ ಇದೇ ಜಗಳ ಸುಮಾರು ಕ್ರಿ.ಪೂ. 93ರಲ್ಲಿ ನಿಜವಾದ ಕೋರ್ಟಿನಲ್ಲೇ ನಡೆದಿತ್ತು. ಮಗ ಹುಟ್ಟಿ ಪ್ರಾಯಕ್ಕೆ ಬರುವ ಮೊದಲೇ ಸತ್ತರೆ ಆಸ್ತಿ ಕ್ಯೂರಿಯಸ್ ಎಂಬುವನಿಗೆ ಅಂತ ಒಬ್ಬ ಉಯಿಲು ಬರೆದಿದ್ದ. ಮಗ ಹುಟ್ಟಲೇ ಇಲ್ಲ. ಕಾನೂನು ಪಂಡಿತ ಸ್ಕೇವೋಲ ಅಕ್ಷರ ಹಿಡಿದು ಕೂತ. ವಾಗ್ಮಿ ಕ್ರಾಸಸ್ ಬರೆದವನ ಮನಸ್ಸು ನೋಡಿ ಎಂದ. ಕ್ಯೂರಿಯಸ್ ಗೆದ್ದ.

ಅಪ್ಪ ಮಗನನ್ನು ಮನೆಯಿಂದ ಹೊರಹಾಕಿ ‘ಇವನು ನನ್ನ ಮಗನಲ್ಲ’ ಎನ್ನುವ ಕೇಸುಗಳಂತೂ ಶಾಲೆಯಲ್ಲಿ ಲೆಕ್ಕವಿಲ್ಲದಷ್ಟು. ಇದು ಗ್ರೀಕರ ಪದ್ಧತಿ, ರೋಮ್‌ನ ಕಾನೂನು ಒಪ್ಪುವುದಿಲ್ಲ ಅಂತ ಡಯೊಕ್ಲೆಟಿಯನ್ ಚಕ್ರವರ್ತಿಯ ಆದೇಶವೇ ಇದೆ. ಹಾಗಾದರೆ ಶಾಲೆಯ ಆ ವಾದವೆಲ್ಲ ವ್ಯರ್ಥವಾ? ಅಲ್ಲ. ಶಾಲೆಯಲ್ಲಿ ಹೊರಹಾಕಿಸಿಕೊಂಡ ಮಗನ ಪರ ಯಾವ ವಾದವೋ, ಕೋರ್ಟಿನಲ್ಲಿ ಉಯಿಲಿನಿಂದ ಹೊರಗುಳಿದ ಮಗನ ಪರವೂ ಅದೇ ವಾದ ಎಂದು ಕ್ವಿಂಟಿಲಿಯನ್ ನೇರವಾಗಿ ಹೇಳಿದ್ದಾನೆ. ಅಂಥ ಮಗ ಕೋರ್ಟಿನಲ್ಲಿ, ಉಯಿಲು ಬರೆಯುವಾಗ ಅಪ್ಪನ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದು ವಾದಿಸಬೇಕಿತ್ತು. ಅಪ್ಪನಿಗೆ ನಿಜವಾಗಿ ಹುಚ್ಚೇನೂ ಇರುವುದಿಲ್ಲ, ಅವನ ಉಯಿಲು ಕ್ರಮಬದ್ಧವಾಗಿಯೇ ಇರುತ್ತದೆ, ಮಕ್ಕಳ ಋಣವನ್ನಷ್ಟೇ ಮರೆತಿರುತ್ತಾನೆ ಎಂದು ನ್ಯಾಯಶಾಸ್ತ್ರಜ್ಞ ಮಾರ್ಸಿಯಾನಸ್ ಬರೆದಿಟ್ಟಿದ್ದಾನೆ. ಎಲ್ಲರಿಗೂ ಗೊತ್ತಿದ್ದ ಈ ಕಲ್ಪನೆಯ ಮೇಲೆಯೇ ರೋಮ್‌ನ ನ್ಯಾಯಾಲಯ ನಿಜವಾದ ಉಯಿಲುಗಳನ್ನು ರದ್ದು ಮಾಡಿ, ನಿಜವಾದ ಮಕ್ಕಳಿಗೆ ಆಸ್ತಿ ಕೊಡಿಸಿತು.