ಸುಮ್ನೆ ಕೂತು ಮಾತಾಡಿದ್ರೆ ಕನ್ನಡ ಬರುತ್ತಾ?

ಭಾನುವಾರ ಸಂಜೆ ನಾನು ಚಪ್ಪಲಿ ಮೆಟ್ಟಿ ಹೊರಟರೆ ಪಕ್ಕದ ಮನೆಯವರು ಗೇಟಿನ ಹತ್ತಿರವೇ ಹಿಡಿದುಕೊಳ್ಳುತ್ತಾರೆ. "ಅಲ್ರೀ, ಪುಸ್ತಕ ಇಲ್ಲ, ಬೋರ್ಡ್ ಇಲ್ಲ. ಸುಮ್ನೆ ಕೂತು ಮಾತಾಡಿದ್ರೆ ಕನ್ನಡ ಬರುತ್ತೇನ್ರಿ?" ಮದುವೆ ಮನೆಯ ಊಟದ ಸಾಲಿನಲ್ಲಿ, ಪೆನ್ಶನ್ ತರಲು ಹೋದಾಗ ಬ್ಯಾಂಕಿನಲ್ಲಿ, ಬೆಣ್ಣೆ ದೋಸೆಗೆ ಕಾಯುತ್ತಾ ನಿಂತಾಗ, ಎಲ್ಲ ಕಡೆ ಇದೇ ಪ್ರಶ್ನೆ. ನಿಂತ ಕಾಲಲ್ಲಿ ಹೇಳಿ ಮುಗಿಸೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ದಾವಣಗೆರೆಯಲ್ಲಿ ನಮ್ಮ ಬಡಾವಣೆಯ ಪಾರ್ಕಿನ ಕಟ್ಟೆ ಮೇಲೆ ನಾವು ಐದು ಜನ ಸೇರುತ್ತೇವೆ. ಎಲ್ಲರಿಗೂ ಅರವತ್ತು ದಾಟಿದೆ. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಹತ್ತಿ ಮಿಲ್ಲಿನಲ್ಲಿ ದುಡಿದವರು, ಇಬ್ಬರು ಮನೆ ನಡೆಸಿದ ಹೆಣ್ಣುಮಕ್ಕಳು. ಬಿಹಾರ, ಒಡಿಶಾ, ರಾಜಸ್ಥಾನ ಕಡೆಯಿಂದ ಇಲ್ಲಿಗೆ ದುಡಿಯಲು ಬಂದವರು ನಮ್ಮ ಜೊತೆ ಎರಡು ತಾಸು ಕೂತು ಕನ್ನಡದಲ್ಲಿ ಮಾತಾಡುತ್ತಾರೆ. ಟೈಲ್ಸ್ ಹಾಕುವವರು, ಹೋಟೆಲ್‌ನಲ್ಲಿ ಕೆಲಸ ಮಾಡುವವರು, ಪಾನಿಪುರಿ ಗಾಡಿಯವರು. ಫೀಸು ಇಲ್ಲ, ಹಾಜರಿ ಇಲ್ಲ.

ಶುರುವಿನಲ್ಲಿ ನಾವೂ ನಮ್ಮ ಪಕ್ಕದ ಮನೆಯವರ ಹಾಗೇ ಯೋಚಿಸಿದ್ದೆವು. ಮೇಷ್ಟ್ರು ವರ್ಣಮಾಲೆಯ ಚಾರ್ಟ್ ತಂದು ಬೇವಿನ ಮರಕ್ಕೆ ತೂಗುಹಾಕಿದರು. ಅ ಆ ಇ ಈ. ಮೊದಲ ವಾರ ಹನ್ನೊಂದು ಜನ, ಎರಡನೇ ವಾರ ಆರು, ಮೂರನೇ ವಾರ ಒಬ್ಬನೇ. ಅವನೂ ಚಾರ್ಟ್ ನೋಡೋಕೆ ಬಂದಿರಲಿಲ್ಲ, ಹಿಂದಿನ ವಾರ ಮರೆತು ಹೋದ ಟಿಫಿನ್ ಡಬ್ಬಿ ಹುಡುಕಿಕೊಂಡು ಬಂದಿದ್ದ. ವಾರವಿಡೀ ಮೊಣಕಾಲೂರಿ ಟೈಲ್ಸ್ ಹಾಕಿದವನಿಗೆ ರಜೆಯ ದಿನ ಮತ್ತೆ ಒಂದನೇ ಕ್ಲಾಸು ಯಾಕೆ ಬೇಕು?

ಡಬ್ಬಿ ಸಿಕ್ಕಿತು. ಬಂದವನನ್ನು ಸುಮ್ನೆ ಕಳಿಸೋದು ಬೇಡ ಅಂತ ಕೂರಿಸಿಕೊಂಡೆವು. ಬಿಹಾರದ ಹುಡುಗ, ಇಪ್ಪತ್ತೆರಡು ಇರಬಹುದು. ಊರಿಗೆ ಬಂದು ಒಂದೂವರೆ ವರ್ಷ ಆಗಿತ್ತು. ಕನ್ನಡ ಎಷ್ಟು ಬರುತ್ತೆ ಅಂದರೆ ಬೆರಳು ಮಡಿಸಿ ಹೇಳಿದ: "ಬಾ. ಹೋಗು. ಎತ್ತು. ಇಳಿಸು. ಬೇಗ. ನೀರು ತಾ." ಆಮೇಲೆ ಎರಡು ಬೈಗುಳ. ಅವನ್ನು ಇಲ್ಲಿ ಬರೆಯುವುದಿಲ್ಲ, ಉಚ್ಚಾರ ಮಾತ್ರ ಚೊಕ್ಕವಾಗಿತ್ತು. ಹೊರಡುವಾಗ ನನಗೆ ಕೈಮುಗಿದು, "ಅಜ್ಜ, ನೀನು ನಾಳೆ ಬಾ" ಅಂದ. ಮೇಷ್ಟ್ರ ಮುಖ ಗಂಟಾಯಿತು.

ರಾತ್ರಿ ಮಲಗಿದಾಗ ನನಗೆ ಹೊಳೆಯಿತು. ಆ ಹುಡುಗ ಮರ್ಯಾದೆ ಇಲ್ಲದೆ ಮಾತಾಡಲಿಲ್ಲ. ಒಂದೂವರೆ ವರ್ಷದಲ್ಲಿ ಅವನ ಕಿವಿಗೆ ಬಿದ್ದ ಕನ್ನಡವೇ ಅಷ್ಟು. ಮೇಸ್ತ್ರಿ ಬಾಯಲ್ಲಿ ಬರುವುದು ಬಾ, ಹೋಗು. ಅವನನ್ನು ಯಾರೂ "ನೀವು" ಅಂದಿಲ್ಲ. ಕನ್ನಡದಲ್ಲಿ ಅವನಿಗೆ ಒಂದು ಪ್ರಶ್ನೆಯನ್ನೂ ಯಾರೂ ಕೇಳಿಲ್ಲ. ಪ್ರಶ್ನೆ ಕೇಳಿದರೆ ತಾನೇ "ನಾನು ಹೋಗ್ತೀನಿ, ನಾನು ತಿಂದೆ, ನನಗೆ ಬೇಡ" ಅನ್ನುವ ಮಾತು ಬೇಕಾಗುವುದು? "ಎತ್ತು" ಅಂದವನಿಗೆ ಬಾಯಲ್ಲಿ ಉತ್ತರ ಬೇಕಿಲ್ಲ, ಎತ್ತಿದರೆ ಸಾಕು.

ಮುಂದಿನ ವಾರ ಚಾರ್ಟ್ ಮನೆಯಲ್ಲೇ ಉಳಿಯಿತು. ಅವನಿಗೆ ನಾನು ಎಲ್ಲಿಗೆ ಹೋಗಿದ್ರಿ, ಏನು ತಿಂದ್ರಿ, ಯಾರ ಜೊತೆ ಇರ್ತೀರಿ ಅಂತ ಕೇಳಿದೆ. ಕಂಡಕ್ಟರ್ ಬುದ್ಧಿ ಎಲ್ಲಿಗೆ ಹೋಗುತ್ತೆ ಹೇಳಿ, ನನ್ನ ಅರ್ಧ ಪ್ರಶ್ನೆಗಳಲ್ಲಿ ಊರುಗಳೇ. ಅವನು "ಹರಿಹರ ಹೋಗ್ತೀನಿ ನಿನ್ನೆ" ಅಂದರೆ, "ಓ, ನಿನ್ನೆ ಹರಿಹರಕ್ಕೆ ಹೋಗಿದ್ರಾ? ಬಸ್ಸಿಗೆ ಹೋಗಿದ್ರಾ?" ಅನ್ನುತ್ತಿದ್ದೆ. ತಪ್ಪು ಅಂತ ಹೇಳುವುದಿಲ್ಲ. ಸರಿಯಾದ ಮಾತನ್ನು ನಮ್ಮ ಪ್ರಶ್ನೆಯೊಳಗೆ ಇಟ್ಟು ವಾಪಸ್ ಕೊಡುವುದು, ಅಷ್ಟೇ. ಮನೆಯಲ್ಲಿ ಮೊಮ್ಮಕ್ಕಳ ಜೊತೆ ಮಾಡುವುದೂ ಇದನ್ನೇ ಅಲ್ವಾ?

ನಾಲ್ಕೈದು ವಾರ ಆದಮೇಲೆ ಆ ಹುಡುಗ ನನ್ನನ್ನೇ ಕೇಳಿದ. ಹರಿಹರಕ್ಕೆ, ಚಿತ್ರದುರ್ಗಕ್ಕೆ, ಮಾಯಕೊಂಡಕ್ಕೆ ಅಂತೀರಿ. ಆದರೆ ಹೊನ್ನಾಳಿಗೆ, ಚನ್ನಗಿರಿಗೆ. ಮತ್ತೆ ಜಗಳೂರಿಗೆ, ಹಿರಿಯೂರಿಗೆ. ಯಾಕೆ? ನಾನು ಬಾಯಿ ತೆರೆದು ಕೂತೆ. ಮೂವತ್ತೊಂದು ವರ್ಷ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಈ ಊರುಗಳನ್ನು ಕೂಗಿದ್ದೇನೆ, ಒಂದು ದಿನವೂ ಯಾಕೆ ಅಂತ ತಲೆಗೆ ಬಂದಿರಲಿಲ್ಲ. ಮೇಷ್ಟ್ರು ಖುಷಿಯಿಂದ ಮುಂದೆ ಸರಿದು ಕೂತರು. ಹೆಸರು "ಅ" ಸ್ವರದಲ್ಲಿ ಮುಗಿದರೆ ಕ್ಕೆ, ಇ ಅಥವಾ ಎ ಇದ್ದರೆ ಗೆ, ಉ ಇದ್ದರೆ ಇಗೆ. ಹುಡುಗ ತಲೆ ಆಡಿಸಿದ. ಹೆಚ್ಚು ಕಡಿಮೆ ಅದನ್ನು ತಾನೇ ಹಿಡಿದುಬಿಟ್ಟಿದ್ದ, ನಮ್ಮಿಂದ ಬೇಕಾಗಿದ್ದದ್ದು ಒಂದು ಸೀಲು.

ಅದೇ ದಿನ ಚಹಾ ಬಂದಾಗ ಅವನು ಚಹಾದವನಿಗೆ ಜೋರಾಗಿ ಹೇಳಿದ: "ಮೊದಲು ಅಣ್ಣಕ್ಕೆ ಕೊಡಿ!" ಎಲ್ಲರೂ ನಕ್ಕೆವು. ಆದರೆ ನೋಡಿ, ಕೇಳಿದ್ದನ್ನೇ ಗಿಣಿ ಹಾಗೆ ಒಪ್ಪಿಸುವವನು ಈ ತಪ್ಪು ಮಾಡೋಕೆ ಸಾಧ್ಯವಿಲ್ಲ, ಯಾಕೆಂದರೆ "ಅಣ್ಣಕ್ಕೆ" ಅಂತ ಯಾವ ಕನ್ನಡಿಗನೂ ಹೇಳಲ್ಲ. ಲೆಕ್ಕ ಹಿಡಿದವನು ಮಾತ್ರ ಮಾಡುವ ತಪ್ಪು ಇದು. ಹರಿಹರಕ್ಕೆ ಸರಿ ಆದರೆ ಅಣ್ಣಕ್ಕೆ ಯಾಕೆ ಆಗಬಾರದು? ಮರಕ್ಕೆ, ಊರಿಗೆ ಒಂದು ದಾರಿ, ಮನುಷ್ಯರಿಗೆ ಇನ್ನೊಂದು: ಅಣ್ಣನಿಗೆ, ಅಮ್ಮನಿಗೆ. "ಮನುಷ್ಯರು ಊರಲ್ಲಪ್ಪ" ಅಂದೆ. ಅಷ್ಟು ಸಾಕಾಯಿತು.

ಇದೆಲ್ಲ ಬರೀ ಮಾತಿನಿಂದ ಬರಲು ಇನ್ನೊಂದು ಕಾರಣವಿದೆ. ಹಿಂದಿಯವರಿಗೆ ಕನ್ನಡದ ವಾಕ್ಯದ ಮೈಕಟ್ಟು ಹೊಸದಲ್ಲ. ಕ್ರಿಯಾಪದ ಕೊನೆಗೇ ಬರುತ್ತೆ, "ನನಗೆ ಹಸಿವಾಗಿದೆ" ಅನ್ನುವ ಮಾತು ಅವರಲ್ಲೂ ಅದೇ ಜೋಡಣೆ. ಕುರ್ಚಿ ಗಂಡೋ ರೊಟ್ಟಿ ಹೆಣ್ಣೋ ಅನ್ನುವ ತಲೆನೋವು ನಮ್ಮಲ್ಲಿಲ್ಲ. ಲೆಕ್ಕವಂತೂ ಇನ್ನೂ ಸುಲಭ. ಇಪ್ಪತ್ತು ದಾಟಿದರೆ ಇಪ್ಪತ್ತೊಂದು, ಮೂವತ್ತೊಂದು, ನಲವತ್ತೊಂದು, ಒಂದೇ ಓಟ. ಹಿಂದಿಯ ಉನ್ಸಠ್ (ಐವತ್ತೊಂಬತ್ತು), ಉನ್ಹತ್ತರ್ (ಅರವತ್ತೊಂಬತ್ತು) ನನಗೆ ಇವತ್ತಿಗೂ ಕಲಸುಮೇಲೋಗರ.

ಕಷ್ಟ ಇರುವುದು ಕಿವಿಯಲ್ಲಿ. ಹಿಂದಿಯಲ್ಲಿ ಎ ಮತ್ತು ಏ ಅಂತ ಎರಡು ಬೇರೆ ಬೇರೆ ಇಲ್ಲ. "ನಿನ್ನೆ ಕುಂದವಾಡ ಕೇರೆ ನೋಡಿದೆ" ಅಂದ ಒಬ್ಬ. ಹೆಣ್ಣುಮಕ್ಕಳು ಗಾಬರಿಯಾಗಿ, ಹಾವು ಎಷ್ಟು ಉದ್ದ ಇತ್ತು ಅಂತ ಕೇಳಿದರು. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಕೇರೆ ಹಾವಾಗಿತ್ತು. ದಾವಣಗೆರೆಯ ಹೆಸರೇ ಅವರ ಬಾಯಲ್ಲಿ ದಾವಣಗೇರೆ. ಳ ಇನ್ನೊಂದು ಗುಡ್ಡ. ಬಿಹಾರದ ಹುಡುಗರ ಬಾಯಲ್ಲಿ ಹಳ್ಳಿ ಹಲ್ಲಿಯಾಗುತ್ತೆ. ಒಡಿಶಾದ ಹುಡುಗ ಮಾತ್ರ ಮೊದಲ ದಿನವೇ ಸಲೀಸಾಗಿ "ಹಳ್ಳಿ" ಅಂದ. ಒಡಿಯಾದಲ್ಲಿ ಳ ಇದೆ. ಇಂಥದ್ದನ್ನು ಪುಸ್ತಕ ತಿದ್ದುತ್ತಾ? ಎದುರಿಗೆ ಕೂತು ಹಾವಿನ ಉದ್ದ ಕೇಳುವವರು ಬೇಕು.

ಹಾಗಂತ ಮಾತಿನಿಂದ ಎಲ್ಲ ಆಗಿಬಿಡುತ್ತೆ ಅಂತ ನಾನು ಹೇಳಲ್ಲ. ಓದು, ಬರಹ ಇದರಿಂದ ಬರಲ್ಲ. ಬಸ್ಸಿನ ಬೋರ್ಡ್ ಓದಬೇಕು ಅಂದವರಿಗೆ ಮೇಷ್ಟ್ರು ಬೇರೆಯಾಗಿ ಅಕ್ಷರ ಹೇಳಿಕೊಡುತ್ತಾರೆ (ಚಾರ್ಟಿಗೂ ಒಂದು ಕಾಲ ಬಂತು). ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಿಂದ ಇದೆ. ಅಲ್ಲಿ ಬೇರೆ ರಾಜ್ಯದ ಮೇಷ್ಟ್ರುಗಳು ಹತ್ತು ತಿಂಗಳು ಕೂತು ಕನ್ನಡ ಕಲಿಯುತ್ತಾರೆ. ಅದು ಅವರ ಕೆಲಸಕ್ಕೆ ತಕ್ಕದ್ದು. ನಮ್ಮ ಹುಡುಗರ ಹತ್ತಿರ ಇರುವುದು ವಾರಕ್ಕೆ ಎರಡು ತಾಸು. ಅದೂ ದೀಪಾವಳಿ ಕಳೆದು ಛಠ್ ಹಬ್ಬಕ್ಕೆ ಊರಿಗೆ ಹೋದ ಬಿಹಾರದವರಲ್ಲಿ ಕೆಲವರು ವಾಪಸ್ ಬರುವುದೇ ಇಲ್ಲ. ಬೇರೆ ಊರು, ಬೇರೆ ಮೇಸ್ತ್ರಿ.

ಹಾಗಾದರೆ ಈ ಕೆಲಸಕ್ಕೆ ವಯಸ್ಸಾದವರೇ ಯಾಕೆ ಬೇಕು? ಇದನ್ನೂ ಕೇಳುತ್ತಾರೆ. ನಮಗೆ ಕಾಯೋಕೆ ಬರುತ್ತೆ, ಅದಕ್ಕೆ. ಹೊಸಬ ಒಂದು ವಾಕ್ಯ ಕಟ್ಟಲು ಅರ್ಧ ನಿಮಿಷ ತಗೋತಾನೆ. ಕಣ್ಣು ಮೇಲೆ ಮಾಡ್ತಾನೆ, ತುಟಿ ಅಲ್ಲಾಡಿಸ್ತಾನೆ, ಅರ್ಧಕ್ಕೆ ನಿಲ್ಲಿಸಿ ಮತ್ತೆ ಶುರು ಮಾಡ್ತಾನೆ. ಅಂಗಡಿಯವನಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಅವನೇ ಹಿಂದಿಗೆ ಇಳೀತಾನೆ, ವ್ಯಾಪಾರ ಮುಗೀತದೆ, ಕಲಿಯುವುದೂ ಅಲ್ಲಿಗೆ ಮುಗೀತದೆ. ನಮಗೆ ಯಾವ ಬಸ್ಸೂ ಹಿಡಿಯಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಕಾಯುವುದನ್ನು ನಾನೂ ಕಲಿತದ್ದು ಇತ್ತೀಚೆಗೆ. ಮೊದಮೊದಲು ನಾನೇ ಜಾಸ್ತಿ ಮಾತಾಡುತ್ತಿದ್ದೆ, ಬಸ್ಸಿನ ಕಥೆ ಶುರುವಾದರೆ ನಿಲ್ಲುತ್ತಿರಲಿಲ್ಲ. ಒಡಿಶಾದ ಹುಡುಗ ಒಂದು ದಿನ ಮೆಲ್ಲಗೆ ಅಂದ: "ಅಜ್ಜ, ನನ್ನ ಸ್ಟಾಪ್ ಯಾವಾಗ ಬರುತ್ತೆ?"

ಹೋದ ಭಾನುವಾರ ಪಕ್ಕದ ಮನೆಯವರನ್ನೇ ಕರೆದುಕೊಂಡು ಹೋದೆ. ನೋಡೇಬಿಡೋಣ ಅಂತ ಬಂದರು. ಕೂತವರೇ ಟೈಲ್ಸ್ ಹುಡುಗನಿಗೆ, "ಕಹಾಂಸೆ ಆಯಾ ತುಮ್?" ಅಂದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಕನ್ನಡದಲ್ಲೇ ಕೇಳ್ರಿ. ನಿಧಾನ ಕೇಳ್ರಿ, ತಿಳೀತದೆ."

ನಮ್ಮ ಪಕ್ಕದ ಮನೆಯವರಿಗೆ ಒಂದೂ ಪ್ರಶ್ನೆ ಹೊಳೆಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮುಖ ನೋಡಿದರು, ನಾನು ಮರ ನೋಡಿದೆ. ಕೊನೆಗೆ ಅವರು ಕೇಳಿದ್ದು, "ಊಟ ಆಯ್ತೇನಪ್ಪ?"

"ಇಲ್ರಿ," ಅಂದ ಹುಡುಗ. "ಈಗ ಐದೂವರೆ ಅಲ್ವಾ?"